ರಾಕಿಂಗ್ ಚೇರ್ ವಾರಂಟಿ: ‘ಅಧಿಕ ಭಾರ’ ಎಂಬ ನಿಮ್ಮ ಉತ್ತರಕ್ಕೆ ಆಕ್ಷೇಪಣೆ

ಇವರಿಗೆ,
ವಾರಂಟಿ ವಿಭಾಗದ ಮುಖ್ಯಸ್ಥರು

ವಿಷಯ: ಮಡಚುವ ಕ್ಯಾಂಪಿಂಗ್ ರಾಕಿಂಗ್ ಚೇರ್‌ನ ಎಡ ಶಾಕ್ ಅಬ್ಸಾರ್ಬರ್ ಕಳಚಿರುವುದು

ಮಾನ್ಯರೇ,

ಮೇಲಿನ ದೋಷಕ್ಕೆ ಸಲ್ಲಿಸಿದ್ದ ವಾರಂಟಿ ಅರ್ಜಿಯನ್ನು ‘ಅಧಿಕ ಭಾರ ಅಥವಾ ಏರುತಗ್ಗಿನ ನೆಲದಲ್ಲಿ ಬಳಕೆ’ ಎಂಬ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಕಳಿಸಿದ ಫೋಟೊಗಳನ್ನು ಯಾರಾದರೂ ದೊಡ್ಡದು ಮಾಡಿ ನೋಡಿದ್ದರೆ ಈ ಉತ್ತರ ಬರುತ್ತಿರಲಿಲ್ಲ.

ಈ ಕುರ್ಚಿ ಹಿಂದೆ ಮುಂದೆ ತೂಗುವುದು ಹಿಂಬದಿಯ ಎರಡು ಶಾಕ್ ಅಬ್ಸಾರ್ಬರ್‌ಗಳ (ಶಾಕ್‌ಗಳ) ಮೇಲೆ. ಒರಗಿದಾಗ ಒಳಗಿನ ಸ್ಪ್ರಿಂಗ್ ಕುಗ್ಗುತ್ತದೆ, ಮುಂದೆ ಬಾಗಿದಾಗ ಹಿಗ್ಗುತ್ತದೆ. ಪ್ರತಿ ಸಲವೂ ಶಾಕ್‌ನ ಮೇಲ್ತುದಿ, ಅದನ್ನು ಚೌಕಟ್ಟಿನ ಬ್ರಾಕೆಟ್‌ಗೆ (ತಗಡಿನ ಹಿಡಿಕೆಗೆ) ಸೇರಿಸುವ ರಿವೆಟ್‌ನ, ಅಂದರೆ ತುದಿ ಬಡಿದು ಕೂರಿಸಿದ ಲೋಹದ ಗೂಟದ ಸುತ್ತ ಕೊಂಚ ತಿರುಗಲೇಬೇಕು. ಅದಕ್ಕೆಂದೇ ಶಾಕ್‌ಗೂ ಬ್ರಾಕೆಟ್‌ಗೂ ನಡುವೆ ನೈಲಾನ್ ವಾಷರ್ ಹಾಕುತ್ತಾರೆ. ಬಲಗಡೆ ಅದು ಇದೆ, ಎಡಗಡೆ ಇಲ್ಲ. ಬಳಸುವಾಗ ಒಡೆದು ಬಿದ್ದಿರಬಹುದು ಎನ್ನುವಂತೆಯೂ ಇಲ್ಲ: ಎಡ ರಿವೆಟ್‌ನ ಎರಡು ತಲೆಗಳ ನಡುವಿನ ಉದ್ದ ಬಲಗಡೆಯದಕ್ಕಿಂತ ಸುಮಾರು 1 ಮಿ.ಮೀ. ಕಡಿಮೆ, ಅಂದರೆ ವಾಷರ್‌ನ ದಪ್ಪದಷ್ಟೇ. ಕಾರ್ಖಾನೆಯಲ್ಲಿ ವಾಷರ್ ಇಲ್ಲದೆಯೇ ರಿವೆಟ್ ಬಡಿಯಲಾಗಿದೆ.

ಮುಂದಿನದು ಆಗಲೇಬೇಕಾದದ್ದು. ಲೋಹಕ್ಕೆ ಲೋಹ ಉಜ್ಜಿ ಮೊದಲು ಬಣ್ಣ ಹೋಗಿದೆ, ರಿವೆಟ್ ಸುತ್ತ ಕಪ್ಪು ಪುಡಿ ಕೂತಿದೆ, ದುಂಡಗಿದ್ದ 6 ಮಿ.ಮೀ. ತೂತು ಉದ್ದುದ್ದ ಹಿಗ್ಗಿ ಬ್ರಾಕೆಟ್‌ನ ಅಂಚನ್ನೇ ಮುಟ್ಟಿದೆ. ಭಾರ ತಾಳದೆ ಹರಿದ ತಗಡಾಗಿದ್ದರೆ ಅಂಚು ಉಬ್ಬಿ ಹೊರಚಾಚಿರುತ್ತಿತ್ತು. ಇಲ್ಲಿ ಅಂಚು ತೆಳ್ಳಗೆ, ನುಣ್ಣಗೆ ಸವೆದಿದೆ. ಕೊನೆಯ ಎಳೆ ಮಾತ್ರ ಹರಿದಿದೆ. ಹಿಂಗಾಲಿನ ಕೊಳವೆ ಬಾಗಿಲ್ಲ, ಬೆಸುಗೆ ಬಿರಿದಿಲ್ಲ, ಎರಡೂ ಶಾಕ್‌ಗಳು ಭಾರವಿಲ್ಲದಾಗ ಒಂದೇ ಉದ್ದ ಇವೆ. ನೆಲದ ದೂರಿಗೂ ಆಧಾರ ಕಾಣದು, ನಾಲ್ಕು ಕಾಲಿನ ರಬ್ಬರ್ ಟೋಪಿಗಳೂ ಸಮನಾಗಿ ಸವೆದಿವೆ.

ಭಾರದ ಮಾತು ನೀವೇ ಎತ್ತಿದ್ದರಿಂದ ಇದನ್ನೂ ಕೇಳಬೇಕಾಗಿದೆ. ಲೇಬಲ್ಲಿನ 120 ಕೆ.ಜಿ. ಸುಮ್ಮನೆ ಕೂತಾಗಿನ ಮಿತಿಯೋ, ತೂಗುವಾಗಿನದೋ? ಒರಗಿದಾಗ ಭಾರದ ಹೆಚ್ಚು ಪಾಲು ಹಿಂಗಾಲುಗಳಿಗೆ ಹೋಗುತ್ತದೆ, ಧೊಪ್ಪನೆ ಕೂತರೆ ಆ ಕ್ಷಣದ ಹೊಡೆತ ದೇಹದ ತೂಕಕ್ಕಿಂತ ಹೆಚ್ಚು. ತೂಗಲೆಂದೇ ಮಾಡಿದ ಕುರ್ಚಿಯ ಲೇಬಲ್ ಇದನ್ನು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ.

ಫೋನಿನಲ್ಲಿ ನಿಮ್ಮವರು ಕೊಟ್ಟ ‘ಒಂದು ನಟ್-ಬೋಲ್ಟ್ ಹಾಕಿಕೊಳ್ಳಿ’ ಎಂಬ ಸಲಹೆ ಅಪಾಯದ್ದು. ಉದ್ದಕ್ಕೂ ಮರೆ (ತಿರುಪಿನ ಗೆರೆ) ಇರುವ ಬೋಲ್ಟ್ ತೂಗಿದಷ್ಟೂ ಅರದಂತೆ ತೂತನ್ನು ತಿನ್ನುತ್ತದೆ. ನಡುಭಾಗ ನುಣುಪಾದ ಬೋಲ್ಟ್, ತಾನಾಗಿ ಸಡಿಲವಾಗದ ನೈಲಾನ್ ಲಾಕ್ ನಟ್, ವಾಷರ್ ಎಲ್ಲವೂ ಬೇಕು. ಬಿಗಿ ಹೆಚ್ಚಾದರೆ ಕೀಲೇ ತಿರುಗದು. ಅಷ್ಟು ಮಾಡಿದರೂ ಅಂಚು ಹರಿದ ಬ್ರಾಕೆಟ್‌ನಲ್ಲಿ ಅದು ನಿಲ್ಲುವುದಿಲ್ಲ.

ಬ್ರಾಕೆಟ್ ಚೌಕಟ್ಟಿಗೆ ಬೆಸೆದಿರುವುದರಿಂದ ಚೌಕಟ್ಟನ್ನೇ ಬದಲಿಸಿಕೊಡಿ, ಇಲ್ಲವೇ ಪೂರ್ತಿ ಕುರ್ಚಿ ಕೊಡಿ. ಶಾಕ್‌ಗಳನ್ನು ಜೋಡಿಯಾಗಿಯೇ ಕಳಿಸಿ; ಒಂದು ಹೊಸದು ಒಂದು ಹಳೆಯದು ಇದ್ದರೆ ಕುರ್ಚಿ ಒಂದು ಕಡೆಗೆ ವಾಲಬಹುದು. ಇದೇ ಬ್ಯಾಚಿನ ಉಳಿದ ಕುರ್ಚಿಗಳ ಎಡ ಕೀಲನ್ನೂ ನೋಡಿಸಿ. ಬಿಚ್ಚುವ ಅಗತ್ಯವಿಲ್ಲ, ವಾಷರ್ ಇದೆಯೋ ಇಲ್ಲವೋ ಹೊರಗಿನಿಂದಲೇ ಕಾಣುತ್ತದೆ.

ಕಳಚಿದ ರಿವೆಟ್ ತೆಗೆದಿಟ್ಟಿದೆ, ಕೇಳಿದರೆ ಕಳಿಸಲಾಗುವುದು. ಈ ಸಲದ ಉತ್ತರದ ಜೊತೆ ತಾಂತ್ರಿಕ ಪರಿಶೀಲನೆಯ ವರದಿಯೂ ಇರಲಿ.

ಇಂತಿ,
ಗ್ರಾಹಕರು

ಲಗತ್ತು: ಬಿಲ್ಲಿನ ಪ್ರತಿ, ಎರಡೂ ಕೀಲುಗಳ ಫೋಟೊ