ಒಡೆಯದ ಪೊಟ್ಟಣ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಎದುರು ಕೂತು ಹೇಳಹೊರಟರೆ ಮಾತು ಜಗಳಕ್ಕೆ ತಿರುಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಬಚ್ಚಲುಮನೆಯ ಕಪಾಟು ಒರೆಸುವಾಗ ನಿನ್ನ ಪ್ಯಾಡಿನ ಪೊಟ್ಟಣ ಕೈಗೆ ಸಿಕ್ಕಿತು. ನಾಲ್ಕು ತಿಂಗಳ ಹಿಂದೆ ನಾನೇ ತಂದಿಟ್ಟದ್ದು. ಇನ್ನೂ ಒಡೆದಿಲ್ಲ, ಮೇಲೆ ಧೂಳು ಕೂತಿದೆ. ಅದನ್ನು ಹಿಡಿದುಕೊಂಡು ಅಲ್ಲೇ ಕುಸಿದು ಕೂತೆ. ಸರಿಯಾಗಿ ಊಟದ ಹೊತ್ತಿಗೇ ನೀನು ಸ್ನಾನಕ್ಕೆ ಹೋಗುವುದು, ತಟ್ಟೆಯಲ್ಲಿದ್ದದ್ದನ್ನು ಅತ್ತಿತ್ತ ಸರಿಸಿ ಎದ್ದುಬಿಡುವುದು, ಟ್ರ್ಯಾಕ್ ಪ್ಯಾಂಟಿನ ಸೊಂಟಕ್ಕೆ ಪಿನ್ನು ಹಾಕಿಕೊಳ್ಳುವುದು, ಎಲ್ಲ ಒಟ್ಟಿಗೇ ನೆನಪಾಯಿತು.

"ಓಡೋರಿಗೆಲ್ಲ ಹೀಗಾಗುತ್ತೆ ಅಮ್ಮ, ಪ್ರಾಕ್ಟೀಸ್ ಜೋರಾಗಿದೆ ಅಂತ ಅರ್ಥ" ಅಂದಿದ್ದೆ ನೀನು. ಅಲ್ಲ ಮಗಳೇ. ಓಟಕ್ಕೆ ಖರ್ಚಾಗಿ ಉಳಿದ ಶಕ್ತಿ ಸಾಲದೆ ಹೋದಾಗ ದೇಹ ತನ್ನ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ನಿಲ್ಲುವುದು ಆಗಲೇ. ಎಲುಬನ್ನು ಕಾಯುವ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಅದರ ಹಿಂದೆಯೇ ಎಲುಬು ಸೊರಗುತ್ತದೆ. ಎಲುಬು ಗಟ್ಟಿಯಾಗುವ ವಯಸ್ಸೇ ನಿನ್ನದು. ಈಗ ಕಳೆದುಕೊಂಡದ್ದು ಮುಂದೆ ಪೂರ್ತಿ ವಾಪಸ್ ಬರುತ್ತದೆಂಬ ಖಾತ್ರಿ ಇಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ (ಆಟೋಟದಲ್ಲಿ ದೇಹಕ್ಕೆ ಬೀಳುವ ಶಕ್ತಿಯ ಕೊರತೆ) ಎಂದು ಹೆಸರಿಟ್ಟಿತು. ತೂಕ ಇಳಿಯದವರಲ್ಲೂ ಇದು ಕಾಣಿಸಿಕೊಳ್ಳಬಹುದು. ತೂಕ ನೋಡಿಕೊಂಡು ಧೈರ್ಯವಾಗಿರುವ ಹಾಗಿಲ್ಲ.

ಅಮೆರಿಕದ ಓಟಗಾರ್ತಿ ಮೇರಿ ಕೇನ್ 2013ರಲ್ಲಿ, ಇನ್ನೂ 17ರ ಹುಡುಗಿ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಡಿದವಳು. ಸಣ್ಣಗಾಗು, ಇನ್ನೂ ಸಣ್ಣಗಾಗು ಎಂದು ಅವಳ ಮೇಲೆ ಒತ್ತಡ ಬಿತ್ತು. ಮೂರು ವರ್ಷ ಮುಟ್ಟಾಗಲಿಲ್ಲ, ಐದು ಎಲುಬು ಮುರಿದವು ಎಂದು 2019ರಲ್ಲಿ ಅವಳೇ ಹೇಳಿಕೊಂಡಳು. ಸಣ್ಣಗಾದ ಮೇಲೆ ಅವಳ ವೇಗ ಹೆಚ್ಚಲಿಲ್ಲ ಪುಟ್ಟಿ, ಕುಸಿಯಿತು.

ನನ್ನದೂ ಒಂದು ತಪ್ಪಿದೆ. ಹೋದ ವರ್ಷ ಮನೆಗೆ ಬಂದವರ ಮುಂದೆ "ನೋಡಿ, ಎಷ್ಟು ತೆಳ್ಳಗೆ, ಚೆಂದ ಆಗಿದ್ದಾಳೆ" ಎಂದು ಹಿಗ್ಗಿದ್ದು ನಾನೇ. ನೀನು ತಲೆ ತಗ್ಗಿಸಿ ನಕ್ಕಿದ್ದೆ. ಆ ನಗು ಈಗ ನನ್ನನ್ನು ಕೊರೆಯುತ್ತಿದೆ. ಕ್ಷಮಿಸು ಕಂದಾ.

ಓಟ ಬಿಡು ಅನ್ನುವುದಿಲ್ಲ. ಕೊನೆಯ ಸುತ್ತಿನಲ್ಲಿ ನಿನ್ನ ಮುಖದಲ್ಲಿ ಕಾಣುವ ಬೆಳಕನ್ನು ನಾನು ಕಣ್ಣಾರೆ ನೋಡಿದವಳು. ಆದರೆ ಗುರುವಾರ ಡಾಕ್ಟರ ಹತ್ತಿರ ಹೋಗೋಣ. ಒಳಗೆ ನೀನೊಬ್ಬಳೇ ಮಾತಾಡು, ನಾನು ಹೊರಗೆ ಕೂತಿರುತ್ತೇನೆ. ತೂಕದ ಯಂತ್ರವನ್ನು ಎತ್ತಿಟ್ಟಿದ್ದೇನೆ, ಹುಡುಕಬೇಡ. ಇವತ್ತು ರಾತ್ರಿ ನೀನು ಬರುವವರೆಗೂ ನಾನೂ ಊಟಕ್ಕೆ ಕೂರುವುದಿಲ್ಲ. ಸ್ನಾನ ಆಮೇಲೆ ಮಾಡಿದರಾಯಿತು.

ನಿನ್ನ ಅಮ್ಮ