ಭೀಮಾ ತೀರದ ಉಸುಕು ಮತ್ತು ಟೈರಿನ ಗಾಳಿ

ಮಾನ್ಯ ಸಂಪಾದಕರೇ,

ಭೀಮೆಯ ನೀರು ಇಳಿದ ಮೇಲೆ ಪಾತ್ರದ ಉಸುಕಿನಲ್ಲಿ ಕಲ್ಲಂಗಡಿ, ಸೌತೆ ಹಾಕುವ ನಮ್ಮ ವಡಗೇರಾ ಭಾಗದ ರೈತರಿಗೆ ಬೆಳೆ ತೆಗೆಯುವುದಕ್ಕಿಂತ ಅದನ್ನು ಡಾಂಬರು ರಸ್ತೆಗೆ ಮುಟ್ಟಿಸುವುದೇ ದೊಡ್ಡ ಕೆಲಸವಾಗಿದೆ. ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದವರ ಕಲ್ಲಂಗಡಿ ತುಂಬಿದ ಪಿಕಪ್ ಗಾಡಿ ದಂಡೆ ಇನ್ನೂರು ಹೆಜ್ಜೆ ಇರುವಾಗ ಹೂತುಕೊಂಡಿತು. ಚಾಲಕ ರೇಸ್ ಕೊಟ್ಟಷ್ಟೂ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವವರೆಗೂ ಆತ ಬಿಡಲಿಲ್ಲ. ಜೆಸಿಬಿ ಬಂದು ಎಳೆಯುವಷ್ಟರಲ್ಲಿ ಸಂಜೆಯಾಗಿತ್ತು, ಅದರ ಬಾಡಿಗೆ ಕೊಟ್ಟ ಮೇಲೆ ಆ ಖೇಪಿನಲ್ಲಿ ರೈತನಿಗೆ ಏನೂ ಉಳಿಯಲಿಲ್ಲ.

ನಾನು ಸೌದಿ ಅರೇಬಿಯಾದ ಹುಫೂಫ್ ಊರಿನಾಚೆ ಮರುಭೂಮಿಯಲ್ಲಿದ್ದ ಒಂದು ಒಂಟೆ ಕೊಟ್ಟಿಗೆಗೆ ಒಂಬತ್ತು ವರ್ಷ ಮೇವು, ನೀರು ಸಾಗಿಸಿದವನು. ಅಲ್ಲಿ ಡಾಂಬರು ಮುಗಿಯುವ ಜಾಗದಲ್ಲಿ ಚಾಲಕರು ಮೊದಲು ಮಾಡುವ ಕೆಲಸವೆಂದರೆ ಇಳಿದು ನಾಲ್ಕೂ ಟೈರುಗಳ ಗಾಳಿ ಬಿಡುವುದು. ಜೀಪಿನ ಟೈರಿನಲ್ಲಿ 35 ಪೌಂಡ್ ಇದ್ದರೆ 15ರಿಂದ 18ಕ್ಕೆ ಇಳಿಸುತ್ತಾರೆ. ಮೆತ್ತಗಾದ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುವುದರಿಂದ ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ; ಒಂಟೆಯ ಅಗಲವಾದ ಪಾದ ಮಾಡುವುದೂ ಇದನ್ನೇ. ಮೊದಲ ತಿಂಗಳು ಇದನ್ನು ನಂಬದೆ, ಜೂನ್ ಬಿಸಿಲಿನಲ್ಲಿ ಎರಡು ತಾಸು ಸಲಿಕೆ ಹಿಡಿದ ಮೇಲೆಯೇ ನನಗೆ ಬುದ್ಧಿ ಬಂದದ್ದು. ಬ್ರೇಕ್ ಒತ್ತಿದರೆ ಗಾಲಿಯ ಮುಂದೆ ಉಸುಕಿನ ಒಡ್ಡು ಏಳುತ್ತದೆಂದು ಅವರು ಗಾಡಿಯನ್ನು ತಾನಾಗಿ ನಿಲ್ಲಲು ಬಿಡುತ್ತಾರೆ, ಅದೂ ಇಳಿಜಾರಿಗೆ ಮುಖ ಮಾಡಿ. ಗಾಲಿ ಜಾರತೊಡಗಿದ ಕ್ಷಣವೇ ರೇಸ್ ಬಿಟ್ಟು, ಆಗಲೇ ತುಳಿದು ಗಟ್ಟಿಯಾದ ತಮ್ಮ ಜಾಡಿನಲ್ಲೇ ಹಿಂದಕ್ಕೆ ಸರಿಯುತ್ತಾರೆ.

ನಮ್ಮ ಹೊಳೆಯ ಉಸುಕು ಸ್ವಲ್ಪ ಬೇರೆ. ಗಾಳಿಗೆ ಉರುಳಿ ಗುಂಡಗಾದ ಮರುಭೂಮಿಯ ಕಣಕ್ಕಿಂತ ಇದು ಒರಟು, ಗೇಣುದ್ದ ಕೆದಕಿದರೆ ತೇವ ಸಿಕ್ಕು ಗಾಲಿಗೆ ಆಸರೆಯಾಗುತ್ತದೆ. ನೀರಿನ ಅಂಚಿನಲ್ಲಿ ಮಾತ್ರ ಅದೇ ತೇವ ಕೆಸರಿಗಿಂತ ಕೆಟ್ಟದ್ದು. ಉಸುಕು ತೆಗೆದ ಗುಂಡಿಗಳನ್ನು ಹೊಳೆ ತುಂಬಿಸಿ ಹೋದ ಜಾಗವಂತೂ ಕಣ್ಣಿಗೆ ಸಪಾಟಾಗಿ ಕಂಡು ಒಳಗೆ ಪೂರಾ ಸಡಿಲವಾಗಿರುತ್ತದೆ.

ಇಲ್ಲಿಯ ಪಿಕಪ್‌ಗಳನ್ನು ಓಡಿಸುವುದು ಹಿಂದಿನ ಎರಡೇ ಗಾಲಿಗಳು, ಹೊರೆಯೂ ಅವುಗಳ ಮೇಲೆಯೇ. ಹೀಗಾಗಿ ಸೌದಿಯ ಅಳತೆಯನ್ನು ಹಾಗೆಯೇ ಇಲ್ಲಿಗೆ ತರಬಾರದು. ತುಂಬಿದ ಗಾಡಿಯಲ್ಲಿ ಅಷ್ಟು ಗಾಳಿ ತೆಗೆದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಮೊದಲು ಮಾಲು ಇಳಿಸಿ, ಆಮೇಲೆ ಗಾಳಿ ತಗ್ಗಿಸಿ, ಗಾಲಿಯ ಮುಂದಿನ ಉಸುಕನ್ನು ಬಗೆದು ಒದ್ದೆ ಗೋಣಿಚೀಲ ಹಾಸಿದರೆ ಬಹಳಷ್ಟು ಗಾಡಿಗಳು ಜೆಸಿಬಿಯ ಹಂಗಿಲ್ಲದೆ ಹೊರಬರುತ್ತವೆ. ತೊಗರಿ ಕಟ್ಟಿಗೆ ಹಾಸುವ ರೂಢಿ ನಮ್ಮಲ್ಲಿದೆಯಾದರೂ ಅದರ ಚೂಪು ಬುಡ ಟೈರಿಗೆ ಚುಚ್ಚುತ್ತದೆ. ಡಾಂಬರು ಹತ್ತುವ ಮುನ್ನ ಗಾಳಿ ತುಂಬಲೇಬೇಕು, ಇಲ್ಲವಾದರೆ ಓಡುತ್ತಾ ಟೈರು ಕಾದು ಸಿಡಿಯುತ್ತದೆ.

ಹೂತ ಗಾಡಿಯನ್ನು ಟ್ರ್ಯಾಕ್ಟರಿನಿಂದ ಎಳೆಯುವವರಿಗೆ ಇನ್ನೂ ಮುಖ್ಯವಾದ ಮಾತೊಂದಿದೆ. ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿಯೂ ಕಟ್ಟದೆ, ಎಳೆಯಲೆಂದೇ ಕೆಳಗೆ ಇರುವ ಡ್ರಾಬಾರ್ ಎಂಬ ಕಬ್ಬಿಣದ ಪಟ್ಟಿಗೇ ಕಟ್ಟಬೇಕು. ಮೇಲೆ ಕಟ್ಟಿ ಜಗ್ಗಿದರೆ ಟ್ರ್ಯಾಕ್ಟರಿನ ಮೂತಿ ಎದ್ದು ಅದು ಹಿಂದಕ್ಕೆ ಮಗುಚುತ್ತದೆ, ಚಾಲಕನಿಗೆ ಹಾರಿಕೊಳ್ಳಲೂ ಸಮಯವಿರುವುದಿಲ್ಲ.

ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿ ಹೊಳೆಯಿಂದ ನಾಲ್ಕು ಕಿಲೋಮೀಟರ್ ದೂರವಿರುವುದರಿಂದ, ಗಾಳಿ ಬಿಡಿ ಎಂದರೆ ಚಾಲಕರು ತುಂಬುವುದು ಎಲ್ಲಿ ಎಂದು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಉಳುವ, ಬಿತ್ತುವ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು, ಹೊಳೆಯ ದಂಡೆಯ ಹೋಬಳಿಗಳಲ್ಲಾದರೂ, ಗಾಡಿಯ ಬ್ಯಾಟರಿಗೆ ಜೋಡಿಸುವ ಸಣ್ಣ ಕಂಪ್ರೆಸರ್, ಗಾಳಿ ಅಳೆಯುವ ಗೇಜ್ ಮತ್ತು ಗಾಲಿಯ ಕೆಳಗೆ ಹಾಸುವ ಎರಡು ಜೋಡಿ ಹಲಗೆಗಳನ್ನು ಇಟ್ಟುಕೊಳ್ಳಬೇಕೆಂದು ಕೃಷಿ ಇಲಾಖೆಯನ್ನು ಕೋರುತ್ತೇನೆ. ಕಲ್ಲಂಗಡಿ ಕೊಯ್ಲಿಗೆ ಮೊದಲು ಅವು ಬಂದರೆ, ಹೊಳೆಯಲ್ಲೇ ನಿಂತು ಚಾಲಕರಿಗೆ ಬಳಕೆಯನ್ನು ತೋರಿಸಿಕೊಡಲು ನಾನು ಸಿದ್ಧನಿದ್ದೇನೆ.

— ಒಬ್ಬ ರೈತ, ವಡಗೇರಾ ತಾಲ್ಲೂಕು, ಯಾದಗಿರಿ ಜಿಲ್ಲೆ