ಟರ್ಫ್‌ಗಿಂತ ಮೊದಲು 32 ಇಂಚಿನ ಸ್ಟಿಕ್ಕು: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಗೆ,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯ ಸಚಿವರೇ,

ಕೊಡಗಿನ ಹಾಕಿಯ ಮಾತು ಬಂದಾಗಲೆಲ್ಲ ವೇದಿಕೆಯ ಮೇಲೆ ಭಾರತಕ್ಕೆ ಆಡಿದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಹೆಸರುಗಳು ಸಾಲಾಗಿ ಬರುತ್ತವೆ. ಬೆನ್ನಿಗೇ ಇನ್ನೊಂದು ಟರ್ಫ್‌ನ, ಅಂದರೆ ಕೃತಕ ಹುಲ್ಲಿನ ಮೈದಾನದ, ಭರವಸೆಯೂ ಬರುತ್ತದೆ. ಟರ್ಫ್ ಬೇಡ ಎನ್ನುವಷ್ಟು ದಡ್ಡರು ನಾವಲ್ಲ. ಆದರೆ ಆರನೇ ಕ್ಲಾಸಿನ ಹುಡುಗಿ ಹಾಕಿ ಕಲಿಯಬೇಕಾದದ್ದು ಶಾಲೆಯ ಹಿಂದಿನ ಕೆಂಪು ಮಣ್ಣಿನ ಅಂಗಳದಲ್ಲಿ, 40 ನಿಮಿಷದ ಒಂದು ಪೀರಿಯಡ್‌ನಲ್ಲಿ. ಆ ಪೀರಿಯಡ್ಡನ್ನು ಸರಿಪಡಿಸಿ ಎಂದು ಕೇಳಲು ಈ ಪತ್ರ.

ಈಗ ನಡೆಯುವುದೇನು? ಎರಡು ತಂಡ, ಒಂದು ಚೆಂಡು, ಒಂದು ಪೀಪಿ. ಹನ್ನೊಂದು ಮಂದಿಯ ತಂಡ, 91.4 ಮೀಟರ್ ಉದ್ದ 55 ಮೀಟರ್ ಅಗಲದ ಮೈದಾನ, ಇವೆಲ್ಲ ದೊಡ್ಡವರ ಅಳತೆ. ಹನ್ನೆರಡು ವರ್ಷದ ಮಕ್ಕಳನ್ನು ಅದರೊಳಗೆ ಬಿಟ್ಟರೆ ಗಟ್ಟಿಮುಟ್ಟಾದ ನಾಲ್ಕೈದು ಮಕ್ಕಳು ಚೆಂಡಿನ ಹಿಂದೆ ಓಡುತ್ತಾರೆ, ಉಳಿದವರು ಸ್ಟಿಕ್ಕಿನ ಮೇಲೆ ಗಲ್ಲ ಊರಿ ನಿಲ್ಲುತ್ತಾರೆ. ಪೀರಿಯಡ್ ಮುಗಿಯುವಷ್ಟರಲ್ಲಿ ಚೆಂಡು ಒಮ್ಮೆಯೂ ತಾಗದ ಮಗುವಿಗೆ ಏನನ್ನು ಕಲಿಸಿದಂತಾಯಿತು?

ಮೊದಲು ಸ್ಟಿಕ್ಕಿನ ವಿಷಯ. ದೊಡ್ಡವರ ಸ್ಟಿಕ್ಕು ಸಾಮಾನ್ಯವಾಗಿ 36.5 ಅಥವಾ 37.5 ಇಂಚು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಒಕ್ಕಗಳ (ಮನೆತನಗಳ) ಹಾಕಿ ಹಬ್ಬದಿಂದಾಗಿ ಎಷ್ಟೋ ಮನೆಗಳ ಬಾಗಿಲ ಸಂದಿಯಲ್ಲಿ ಅಂಥದ್ದೊಂದು ಸ್ಟಿಕ್ಕು ಇರುತ್ತದೆ. ನಾಲ್ಕೂವರೆ ಅಡಿಯ ಮಗು ಅದನ್ನೇ ಹಿಡಿದು ಬಂದರೆ ಹಿಡಿಕೆಯ ತುದಿ ಹೊಟ್ಟೆಗೆ ತಿವಿಯುತ್ತದೆ. ತಿವಿತ ತಪ್ಪಿಸಲು ಮಗು ಕೈಯನ್ನು ಕೆಳಗಿಳಿಸುತ್ತದೆ, ಮೊಣಕೈ ಹೊರಕ್ಕೆ ಚಾಚುತ್ತದೆ, ಮಣಿಕಟ್ಟು ತಿರುಗುವುದೇ ಇಲ್ಲ. ಅಳತೆ ನೋಡಲು ಟೇಪೂ ಬೇಡ: ಸ್ಟಿಕ್ಕನ್ನು ಕಾಲಿನ ಪಕ್ಕ ನೆಟ್ಟಗೆ ನಿಲ್ಲಿಸಿದಾಗ ತುದಿ ಸೊಂಟದ ಮೂಳೆಗೆ ಬರಬೇಕು. ನಾಲ್ಕೂವರೆ ಅಡಿಯವರಿಗೆ 32–33 ಇಂಚು, ಐದು ಅಡಿಯವರಿಗೆ 34–35 ಇಂಚು ಹೊಂದುತ್ತದೆ. ಇನ್ನು ನಮ್ಮ ಸರ್ಕಾರಿ ಶಾಲೆಗಳಿಗೆ ತೋಟಗಳ ಕಾರ್ಮಿಕರ ಲೈನ್ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಅವರ ಮನೆಯಲ್ಲಿ ಉದ್ದದ್ದೂ ಇಲ್ಲ, ಗಿಡ್ಡದ್ದೂ ಇಲ್ಲ. ಹಾಕಿ ರಕ್ತದಲ್ಲೇ ಬರುತ್ತದೆ ಎಂಬ ಮಾತು ಭಾಷಣಕ್ಕೆ ಚೆಂದ, ಆದರೆ ಶಾಲೆ ಕೊಡುವ ಸ್ಟಿಕ್ಕನ್ನೇ ನಂಬಿದ ಮಗುವಿನ ಎದುರು ಅದನ್ನು ಆಡಬಾರದು.

ಟೆಂಡರ್ ಬರೆಯುವವರಿಗೆ ಒಂದು ಮಾತು. ಕಾರ್ಬನ್ ಜಾಸ್ತಿ ಇದ್ದಷ್ಟೂ ಸ್ಟಿಕ್ಕು ಬಿರುಸು. ಬಿರುಸಾದ ಸ್ಟಿಕ್ಕಿಗೆ ಚೆಂಡು ತಾಗಿದರೆ ಪುಟಿದು ದೂರ ಹೋಗುತ್ತದೆ, ಹೊಸಬರಿಗೆ ನಿಲ್ಲಿಸಲು ಆಗದು. ಮರದ್ದೋ ಫೈಬರ್‌ಗ್ಲಾಸಿನದ್ದೋ ಹಗುರವಾದ ಸ್ಟಿಕ್ಕು ಸಾಕು. ಜಲ್ಲಿ ಮಣ್ಣಿನಲ್ಲಿ ತಲೆಯ ಭಾಗ ಬೇಗ ಸವೆಯುವುದರಿಂದ ಮೊದಲ ದಿನವೇ ಅಲ್ಲಿಗೆ ಟೇಪು ಸುತ್ತಬೇಕು.

ಕಲಿಸುವ ಕ್ರಮದಲ್ಲಿ ಅರ್ಧ ಕೆಲಸ ಹಿಡಿತದ್ದು. ಎಡಗೈ ತುದಿಯಲ್ಲಿ ಬಿಗಿಯಾಗಿರಬೇಕು, ಸ್ಟಿಕ್ಕನ್ನು ತಿರುಗಿಸುವುದು ಅದೇ. ಒಂದು ಗೇಣು ಕೆಳಗಿರುವ ಬಲಗೈ ಬರೀ ಬಳೆಯಿದ್ದಂತೆ, ಸ್ಟಿಕ್ಕು ಅದರೊಳಗೆ ಹೊರಳಬೇಕು. ಮಕ್ಕಳು ಮಾಡುವುದು ಇದರ ತಿರುಗುಮುರುಗು: ಬಲಗೈಯನ್ನು ಬಿಗಿಹಿಡಿದು ಅದರಿಂದಲೇ ತಿರುಗಿಸಲು ಹೋಗುತ್ತಾರೆ. ಹಾಕಿಯಲ್ಲಿ ಚಪ್ಪಟೆ ಮುಖದಿಂದ ಮಾತ್ರ ಆಡಬಹುದು. ಸ್ಟಿಕ್ಕು ಪೂರ್ತಿ ಹೊರಳದಿದ್ದರೆ ಉಬ್ಬಿದ ಬೆನ್ನು ಚೆಂಡಿಗೆ ತಾಗಿ ಫೌಲ್ ಆಗುತ್ತದೆ. ಪೀಪಿ ಊದಿ ಬೈದರೆ ಇದು ಸರಿಹೋಗದು. ಹಿಡಿಕೆಗೆ ಸಡಿಲವಾಗಿ ಕೂರುವ ಪಿವಿಸಿ ಪೈಪಿನ ನಾಲ್ಕಿಂಚಿನ ತುಂಡನ್ನು ಮೇಲಿನಿಂದ ತೂರಿಸಿ, ಬಲಗೈ ಆ ಪೈಪನ್ನೇ ಹಿಡಿಯಲಿ. ಆಗ ಬಲಗೈ ಎಷ್ಟೇ ಬಿಗಿಹಿಡಿದರೂ ಸ್ಟಿಕ್ಕು ಒಳಗೆ ತಿರುಗುತ್ತದೆ, ಎರಡು ವಾರಕ್ಕೆ ಕೈಗೆ ವಿಷಯ ಅರ್ಥವಾಗುತ್ತದೆ. ಎಡಗೈ ರೂಢಿಯ ಮಕ್ಕಳಿಗೆ ಬೇರೆ ಸ್ಟಿಕ್ಕು ಕೇಳಬೇಡಿ, ನಿಯಮದಲ್ಲಿ ಅಂಥದ್ದಿಲ್ಲ. ಬಲವಾದ ಕೈ ಮೇಲಿರುವುದರಿಂದ ಡ್ರಿಬಲ್‌ನಲ್ಲಿ (ಚೆಂಡನ್ನು ಸ್ಟಿಕ್ಕಿನಿಂದ ತಟ್ಟುತ್ತ ಒಯ್ಯುವುದರಲ್ಲಿ) ಅವರಿಗೆ ಅನುಕೂಲವೇ ಹೆಚ್ಚು.

ಚೆಂಡು ಬಲಗಾಲಿನಿಂದ ಒಂದಡಿ ಮುಂದಿರಲಿ. ಪಾದಕ್ಕೆ ಹತ್ತಿರವಿದ್ದರೆ ಕಣ್ಣು ನೆಲಕ್ಕೆ ಅಂಟುತ್ತದೆ, ಎದುರಿಗೆ ಯಾರಿದ್ದಾರೆಂದು ಕಾಣುವುದಿಲ್ಲ. ಬಗ್ಗುವುದು ಮಂಡಿಯಿಂದ, ಸೊಂಟದಿಂದಲ್ಲ. ಆಮೇಲೆ ಪುಶ್: ಎಡ ಭುಜ ಗುರಿಯ ಕಡೆಗೆ, ಸ್ಟಿಕ್ಕು ಮೊದಲೇ ಚೆಂಡಿಗೆ ತಾಗಿಕೊಂಡಿರಬೇಕು, ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಬರಬೇಕು. ಚೆಂಡು ನಿಲ್ಲಿಸುವಾಗ ಹಿಡಿಕೆ ಸ್ಟಿಕ್ಕಿನ ತಲೆಗಿಂತ ತುಸು ಮುಂದಕ್ಕೆ ಬಾಗಿರಲಿ. ಹಿಂದಕ್ಕೆ ವಾಲಿದರೆ ಸ್ಟಿಕ್ಕು ಇಳಿಜಾರು ಹಲಗೆಯಂತಾಗಿ ಚೆಂಡು ಮುಖಕ್ಕೆ ಹಾರುತ್ತದೆ. ಅಪಘಾತಗಳ ಒಂದು ಮೂಲ ಇದು. ಸ್ಟಿಕ್ಕು ಬೀಸಿ ಹೊಡೆಯುವ ‘ಹಿಟ್’ ಅನ್ನು ಆರನೇ ತರಗತಿಯಲ್ಲಿ ಕಲಿಸಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಿಯಮದ ಚೆಂಡು 156ರಿಂದ 163 ಗ್ರಾಂ ತೂಗುವ ಗಟ್ಟಿ ವಸ್ತು. ಮೊದಲ ತಿಂಗಳು ಡ್ರಿಬಲ್‌ಗೆ ಟೆನಿಸ್ ಚೆಂಡು ನಡೆಯುತ್ತದೆ, ಆದರೆ ಅದು ಪುಟಿಯುವುದರಿಂದ ನಿಲ್ಲಿಸುವುದನ್ನು ಕಲಿಸಲು ಹಗುರ ಪ್ಲಾಸ್ಟಿಕ್ ಹಾಕಿ ಚೆಂಡೇ ಬೇಕು.

ಇನ್ನು ಆಟ. 36 ಮಕ್ಕಳ ತರಗತಿ ಎಂದುಕೊಳ್ಳಿ. ಒಂದೊಂದೂ 25 ಮೀಟರ್ ಉದ್ದ, 15 ಮೀಟರ್ ಅಗಲದ ಮೂರು ಅಂಕಣ, ನಡುವೆ ಐದೈದು ಮೀಟರ್ ಬಿಡುವು. ಇಷ್ಟೂ ಅರ್ಧ ಹಾಕಿ ಮೈದಾನದಲ್ಲಿ ಹಿಡಿಸುತ್ತದೆ. ಒಂದೊಂದರಲ್ಲಿ ನಾಲ್ವರ ಎದುರು ನಾಲ್ವರು, ಒಟ್ಟು 24 ಮಕ್ಕಳು ಆಟದಲ್ಲಿ. ಉಳಿದ 12 ಮಂದಿ ಅಂಪೈರ್, ಚೆಂಡು ತರುವವರು, ಪಾಸ್ ಎಣಿಸುವವರು. ಆರು ನಿಮಿಷದ ಮೂರು ಸುತ್ತು ಆಡಿಸಿದರೆ ಪ್ರತಿ ಮಗುವಿಗೂ ಎರಡು ಸುತ್ತು ಸಿಗುತ್ತದೆ. ಬಿಸಿ ಮೈ ಮಾಡಲು ಐದು ನಿಮಿಷ, ಕೌಶಲಕ್ಕೆ ಹತ್ತು, ಉಳಿದದ್ದು ಬದಲಾವಣೆಗೆ, ಸ್ಟಿಕ್ಕು ಎಣಿಸಿ ಇಡಲಿಕ್ಕೆ.

ಈ ವಯಸ್ಸಿನವರು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಚೆಂಡಿಗೆ ಮುತ್ತುತ್ತಾರೆ. ‘ಹರಡಿಕೊಳ್ರೋ’ ಎಂದು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ, ಏಕೆಂದರೆ ಗೋಲು ಒಂದೇ, ಅದೂ ನಡುವೆ. ಅದರ ಬದಲು ಪ್ರತಿ ತಂಡಕ್ಕೂ ಎರಡು ಮೂಲೆಗಳಲ್ಲಿ ಒಂದೂವರೆ ಮೀಟರಿನ ಎರಡು ಪುಟ್ಟ ಗೋಲು ಇಡಿ. ಒಂದು ಮೂಲೆ ಮುಚ್ಚಿದರೆ ಇನ್ನೊಂದು ಖಾಲಿ, ಚೆಂಡನ್ನು ಆಚೆ ದಾಟಿಸಬೇಕೆಂದು ಮಕ್ಕಳಿಗೇ ಹೊಳೆಯುತ್ತದೆ. ಗೋಲಿಗೆ ಮೊದಲು ಮೂರು ಪಾಸ್ ಕಡ್ಡಾಯ ಎಂಬ ನಿಯಮವನ್ನು ಕೆಲವರು ಹಾಕುತ್ತಾರೆ. ನಮಗದು ಹಿಡಿಸದು. ಪಾಸ್ ಯಾಕೆ ಕೊಡಬೇಕೆಂದು ತಿಳಿಯದೆಯೇ ಕೊಡುವ ಅಭ್ಯಾಸವಾಗುತ್ತದೆ. ಮೂವರು ದಾಳಿಗೆ, ಇಬ್ಬರು ತಡೆಗೆ ಎಂದು ಬಿಟ್ಟು ನೋಡಿ. ತಡೆಯುವವನು ಮುಂದೆ ಬಂದ ಕ್ಷಣವೇ ಪಕ್ಕದವಳು ಖಾಲಿ ಇದ್ದಾಳೆಂದು ಚೆಂಡು ಇದ್ದವನಿಗೆ ಕಾಣುತ್ತದೆ. ತಡೆಯುವವರಿಗೆ ಹೇಳುವುದು ಎರಡೇ: ಸ್ಟಿಕ್ಕು ಬೀಸಬೇಡ, ಚೆಂಡು ಇದ್ದವನನ್ನು ಪಕ್ಕದ ಗೆರೆಯ ಕಡೆಗೆ ಒತ್ತು.

ಇಷ್ಟೆಲ್ಲ ಮಾಡಿದರೂ ಪಂದ್ಯಾವಳಿ ಹಳೆಯ ಥರವೇ ಇದ್ದರೆ ಶಿಕ್ಷಕರು ಅದಕ್ಕೇ ಮಕ್ಕಳನ್ನು ತಯಾರು ಮಾಡುತ್ತಾರೆ. ಆದ್ದರಿಂದ ಪ್ರಾಥಮಿಕ ವಿಭಾಗದ ಮಕ್ಕಳಿಗೆ ಹಾಕಿ ಪಂದ್ಯ ನಡೆಸುವಲ್ಲೆಲ್ಲ ಹೀಗೊಂದು ಸುತ್ತೋಲೆ ಹೊರಡಲಿ: ತಂಡಕ್ಕೆ ಆರು ಮಂದಿ, ಅರ್ಧ ಮೈದಾನ, ಹತ್ತು ಹತ್ತು ನಿಮಿಷದ ಎರಡು ಅವಧಿ, ಬೀಸಿ ಹೊಡೆತವಿಲ್ಲ, ಪೆನಾಲ್ಟಿ ಕಾರ್ನರ್ ಇಲ್ಲ, ಗೋಲಿನ ಹಲಗೆಯ 460 ಮಿಲಿಮೀಟರ್ ಎತ್ತರ ಮೀರಿ ಹೋದ ಚೆಂಡು ಗೋಲಲ್ಲ. ಹೆಲ್ಮೆಟ್, ಪ್ಯಾಡ್, ಕಿಕ್ಕರ್ (ಪಾದದ ಕವಚ) ಪೂರ್ತಿ ಇಲ್ಲದ ಶಾಲೆ ಗೋಲ್‌ಕೀಪರ್ ನಿಲ್ಲಿಸುವಂತಿಲ್ಲ. ಅಲ್ಲಿ ಪುಟ್ಟ ಗೋಲುಗಳೇ ಇರಲಿ. ಮಳೆಗಾಲವನ್ನೂ ನೋಡಬೇಕು. ಕೊಡಗಿನಲ್ಲಿ ಜುಲೈ, ಆಗಸ್ಟ್‌ನ ಮೈದಾನ ಮೈದಾನವಾಗಿರುವುದಿಲ್ಲ, ಕೆಸರುಗದ್ದೆಯಾಗಿರುತ್ತದೆ. ಆ ತಿಂಗಳುಗಳಲ್ಲಿ ಜಗಲಿಯ ಮೇಲೆ ಹಿಡಿತ, ಡ್ರಿಬಲ್ ಆಗಲಿ. ಈ ಮಕ್ಕಳ ಪಂದ್ಯಗಳನ್ನು ನವೆಂಬರ್‌ಗೆ ತಳ್ಳಿ.

ಒಂದು ಶಾಲೆಗೆ ಬೇಕಾದದ್ದು: 24 ಸ್ಟಿಕ್ಕು (32–33 ಇಂಚಿನವು ಹತ್ತು, 34–35 ಇಂಚಿನವು ಹತ್ತು, 36 ಇಂಚಿನವು ನಾಲ್ಕು), 30 ಚೆಂಡು, 24 ಜೊತೆ ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಕವಚ), 30 ಕೋನ್, ತಂಡ ಗುರುತಿಸಲು ಅಂಗಿಯ ಮೇಲೆ ತೊಡುವ ಒಂದೇ ಬಣ್ಣದ 12 ಬಿಬ್. ಗೋಲ್‌ಕೀಪರ್ ಸಾಮಾನು ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಒಂದು ಸೆಟ್ ಸಾಕು, ಶಾಲೆಯಿಂದ ಶಾಲೆಗೆ ತಿರುಗಲಿ. ದೈಹಿಕ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಗಣಿತದ ಮೇಷ್ಟ್ರೋ ಕನ್ನಡದ ಟೀಚರೋ ಪೀಪಿ ಹಿಡಿಯುತ್ತಾರೆ. ಅವರನ್ನೂ ಸೇರಿಸಿ ಎರಡು ದಿನದ ತರಬೇತಿ ಬೇಕು. ಒಂದು ದಿನ ಹಿಡಿತ, ಪುಶ್, ಚೆಂಡು ನಿಲ್ಲಿಸುವುದು. ಇನ್ನೊಂದು ದಿನ ಮೂರು ಅಂಕಣ ಗುರುತು ಹಾಕಿ ನಿಜವಾದ ಮಕ್ಕಳನ್ನು ಆಡಿಸುವುದು. ಸಭಾಂಗಣದಲ್ಲಿ ಸ್ಲೈಡ್ ತೋರಿಸಿ ಊಟ ಹಾಕಿ ಕಳಿಸುವ ತರಬೇತಿಯಾದರೆ ಆ ದುಡ್ಡಿಗೆ ಇನ್ನಷ್ಟು ಚೆಂಡು ಕೊಂಡುಬಿಡಿ. ಸಾಮಾನಿನ ಖರೀದಿ ಆದೇಶ ಮಾರ್ಚ್ ಒಳಗೆ ಹೊರಟರೆ ಶಾಲೆ ತೆರೆಯುವ ದಿನ ಸ್ಟಿಕ್ಕುಗಳು ಕೋಣೆಯಲ್ಲಿರುತ್ತವೆ.

ಇಂತಿ,
ಕೊಡಗಿನ ಶಾಲೆಗಳಲ್ಲಿ ಹಾಕಿ ಕಲಿಸುವ ದೈಹಿಕ ಶಿಕ್ಷಕರು ಮತ್ತು ತರಬೇತುದಾರರು